ಒಂದೇ ನಾಲೆಗೆ ಎರಡು ಸಾಲು ಮೆಟ್ಟಿಲು

ಮದ್ದೂರು ತಾಲ್ಲೂಕಿನ ಆ ಊರಿಗೆ ನಾನು ಮೊದಲ ಸಲ ಹೋದಾಗ ನನ್ನ ಕೈಚೀಲದಲ್ಲಿ ಎರಡು ಸೇರು ಹುಣಸೆ ಬೀಜ ಇತ್ತು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಚೀಲ ಒತ್ತಿ ನೋಡಿ, ಇಷ್ಟೊಂದು ಬೀಜ ಯಾತಕ್ಕೆ ಎಂದು ಕೇಳಿದರು. ಊರಿನ ಅಭಿವೃದ್ಧಿಗೆ ಎಂದೆ. ಅವರು ಚೀಲದ ಮೇಲಿನ ಕೈ ತೆಗೆದರು.

ಆಗ ನಾನು ಮಂಡ್ಯದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಹೊರದೇಶದ ನೆರವಿನಿಂದ ಕೆಲವು ಹಳ್ಳಿಗಳಲ್ಲಿ ನಡೆಯುತ್ತಿದ್ದ ನೀರು ಮತ್ತು ಆರೋಗ್ಯದ ಕಾರ್ಯಕ್ರಮ ನಮ್ಮದು. ಏನು ಬೇಕೆಂದು ಜನರೇ ಹೇಳಬೇಕು, ಜನರೇ ಯೋಜನೆ ಹಾಕಬೇಕು, ಆಮೇಲೆ ಜನರೇ ನಡೆಸಿಕೊಂಡು ಹೋಗಬೇಕು ಎಂಬುದು ಅದರ ನಿಯಮ. ಜನರು ಹಾಗೆಲ್ಲ ಮಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ಐದು ದಿನದ ತರಬೇತಿಯೂ ಆಗಿತ್ತು.

ಸಭೆ ಊರ ದೇವಸ್ಥಾನದ ಮುಂದೆ, ಸಂಜೆ ನಾಲ್ಕಕ್ಕೆ. ನೆಲ ಗುಡಿಸಿ ರಂಗೋಲಿ ಪುಡಿಯಲ್ಲಿ ನಾಲ್ಕು ವೃತ್ತ ಎಳೆದೆ. ಒಂದೊಂದರ ಒಳಗೂ ಒಂದು ಚಿತ್ರ ಇಟ್ಟೆ: ಸಮುದಾಯ ಭವನ, ಚರಂಡಿ, ಬಸ್ ತಂಗುದಾಣ, ವಾಚನಾಲಯ. ಚಿತ್ರಗಳನ್ನು ಜನರ ಅನುಕೂಲಕ್ಕೆಂದು ನಾವು ಆಫೀಸಿನಲ್ಲೇ ಬರೆದು ತಂದಿದ್ದೆವು. ಒಬ್ಬೊಬ್ಬರ ಕೈಗೆ ಐದು ಬೀಜ ಕೊಟ್ಟು, ಯಾವುದು ಬೇಕೋ ಅದರೊಳಗೆ ಹಾಕಿ ಎಂದೆ. ಗಂಡಸರು ಮೊದಲು ಎದ್ದರು. ಸಮುದಾಯ ಭವನದ ವೃತ್ತದಲ್ಲಿ ಗುಡ್ಡೆ ಬಿತ್ತು. ವಾಚನಾಲಯಕ್ಕೆ ಶಾಲೆಯ ಮೇಷ್ಟರು ಐದು ಬೀಜ ಹಾಕಿದರು. ಹೆಂಗಸರು ಹಿಂದೆ ಗೋಡೆಯ ನೆರಳಿನಲ್ಲಿ ಕೂತು ಹೊತ್ತು ನೋಡುತ್ತಿದ್ದರು. ಡೈರಿಗೆ ಹಾಲು ಹಾಕುವ ಸಮಯ ಹತ್ತಿರ ಬರುತ್ತಿತ್ತು.

ಅವರಲ್ಲಿ ಮೊದಲು ಎದ್ದು ಬಂದವರು ಅರವತ್ತರ ಆಸುಪಾಸಿನ, ಎತ್ತರದ, ನಡು ಸ್ವಲ್ಪ ಬಾಗಿದ ಒಬ್ಬ ಹೆಂಗಸು. ಅವರಿಗೆ ಸ್ವಲ್ಪ ಗದ್ದೆ, ಎರಡು ಸೀಮೆಹಸು ಇದ್ದವು. ಊರಿನವರು ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದೆ. ಅವರು ನಾಲ್ಕೂ ವೃತ್ತಗಳನ್ನು ಸುತ್ತಿ ನೋಡಿದರು. ಆಮೇಲೆ ಖಾಲಿ ನೆಲದ ಮೇಲೆ, ಎಲ್ಲ ಗೆರೆಗಳ ಆಚೆ, ಐದೂ ಬೀಜಗಳನ್ನು ಒಂದರ ಪಕ್ಕ ಒಂದು ಇಟ್ಟರು.

"ಯಾಕೆ ದೊಡ್ಡವ್ವ, ಹೊರಗೆ ಹಾಕಿದ್ರಿ?" ಎಂದು ಕೇಳಿದೆ.

"ನಂಗೆ ಬೇಕಾದ್ದು ನಿನ್ ಗೆರೆ ಒಳ್ಗಿಲ್ಲ ಕಣವ್ವ. ಅದ್ಕೇ ಈಚ್ಗೆ ಮಡಗ್ದೆ."

ಹಿಂದಿನಿಂದ ಬಂದ ಹೆಂಗಸರೂ ಅಲ್ಲಿಯೇ ಹಾಕಿದರು. ಒಬ್ಬಳು ಬಸ್ ತಂಗುದಾಣಕ್ಕೆ ಹಾಕಿ, ಮತ್ತೆ ಅವೇ ಬೀಜಗಳನ್ನು ಆಯ್ದುಕೊಂಡು ಬಂದು ಇಲ್ಲಿ ಸುರಿದಳು. ಹೊರಗಿನ ಗುಡ್ಡೆ ಒಳಗಿನದಕ್ಕಿಂತ ದೊಡ್ಡದಾಯಿತು. ಹೊರಗೆ ಬಿದ್ದ ಓಟು ಲೆಕ್ಕಕ್ಕಿಲ್ಲ ಎಂದು ಪಂಚಾಯಿತಿ ಸದಸ್ಯರೊಬ್ಬರು ತಕರಾರು ತೆಗೆದರು. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಬೇರೇನೂ ತೋಚದೆ ನಾನು ರಂಗೋಲಿ ಪುಡಿ ತಂದು ಆ ಗುಡ್ಡೆಯ ಸುತ್ತಲೇ ಐದನೆಯ ವೃತ್ತ ಎಳೆದೆ. ಇದರೊಳಗೆ ಏನು ಬರೆಯಲಿ ಎಂದೆ. ನಾಲೆಗೆ ಮೆಟ್ಟಿಲು ಬರಿ ಎಂದರು ದೊಡ್ಡವ್ವ. ಬರೆದೆ. ಅಷ್ಟು ಹೊತ್ತಿಗೆ ಹೆಂಗಸರೆಲ್ಲ ಡೈರಿಗೆ ಹೋಗಿ ಆಗಿತ್ತು.

ಅದೇಕೆ ಬೇಕು ಎಂಬುದನ್ನು ಅವರು ಮಾರನೆಯ ವಾರ ಹೇಳಿದರು. ಮನೆಗೆ ನಲ್ಲಿ ಬಂದಿದೆ, ಆದರೆ ನೀರು ಬರುವುದು ದಿನ ಬಿಟ್ಟು ದಿನ, ಒಂದು ಗಂಟೆ. ಕುಡಿಯಲು, ಅಡುಗೆಗೆ, ಹಸುವಿಗೆ ಅಷ್ಟೇ ಆಗುತ್ತದೆ. ಬಟ್ಟೆ, ಅದರಲ್ಲೂ ರಗ್ಗು, ಜಮಖಾನ, ಎಲ್ಲವೂ ನಾಲೆಗೇ. ಮೊದಲು ನಾಲೆಯ ಏರಿ ಮಣ್ಣಿನದು, ಕಲ್ಲು ಊರಿಕೊಂಡು ಕೂರಬಹುದಿತ್ತು. ಏರಿಗೆ ಕಾಂಕ್ರೀಟ್ ಹಾಸಿದ ಮೇಲೆ ಕಾಲು ನಿಲ್ಲದು. ಇಳಿಜಾರು ನುಣ್ಣಗಿದೆ, ಪಾಚಿ ಬೇರೆ. ಹಿಂದಿನ ವರ್ಷ ದೊಡ್ಡವ್ವನ ಸೊಸೆ ಜಾರಿ ಕುತ್ತಿಗೆ ಮಟ್ಟ ಇಳಿದುಬಿಟ್ಟಿದ್ದಳು. ಪಕ್ಕದಲ್ಲಿ ಒಗೆಯುತ್ತಿದ್ದವರು ನೆನೆದ ಸೀರೆ ಎಸೆದು ಎಳೆದುಕೊಂಡರು. ಬಟ್ಟೆಯ ಬಕೆಟ್ಟು ಮಾತ್ರ ನೀರಿನ ಜೊತೆ ಹೋಯಿತು. ಎರಡು ದಿನದ ಮೇಲೆ ಕೆಳಗಿನ ಊರಿನವರು ಅದನ್ನು ತಂದುಕೊಟ್ಟರಂತೆ, ಬಟ್ಟೆ ಒಣಗಿಸಿ, ಮಡಿಸಿ.

ನಮ್ಮ ಸಂಸ್ಥೆಯ ಮುಖ್ಯಸ್ಥರು ಒಳ್ಳೆಯವರು. ನನ್ನ ವರದಿ ಓದಿ, ನಮೂನೆಯ ಪಟ್ಟಿಯಲ್ಲಿ ಮೆಟ್ಟಿಲು ಎಂಬ ಬಾಬತ್ತು ಇಲ್ಲವಲ್ಲ ಎಂದು ಸಂಕಟಪಟ್ಟರು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದರು. ಕೊನೆಗೆ 'ಕೈ ತೊಳೆಯುವ ಅಭ್ಯಾಸ' ಎಂಬ ಸಾಲು ಸಿಕ್ಕಿತು. ಬಟ್ಟೆಯನ್ನು ಕೈಯಲ್ಲೇ ತಾನೆ ಒಗೆಯುವುದು, ಒಗೆದರೆ ಕೈಯೂ ತೊಳೆದಂತಾಯಿತು ಎಂದು ಹೇಳಿ ಅದರಲ್ಲಿ ಸೇರಿಸಿದರು. ಮಂಜೂರಾಯಿತು.

ಊರಿನಲ್ಲಿ ಸಮಿತಿ ಆಗಬೇಕಿತ್ತು. ಅರ್ಧದಷ್ಟು ಹೆಂಗಸರಿರಬೇಕು ಎಂದು ನಿಯಮ. ಗಂಡಸರು ತಮ್ಮ ತಮ್ಮ ಹೆಂಡತಿಯರ ಹೆಸರು ಬರೆಸಿ ನಿಯಮ ಪಾಲಿಸಿದರು. ದೊಡ್ಡವ್ವನ ಹೆಸರು ಯಾಕಿಲ್ಲ ಎಂದು ಕೇಳಿದೆ. ಅವರಿಗೆ ಸಭೆಗೆ ಬರಲು ಆಗುವುದಿಲ್ಲ, ಡೈರಿಯ ಹೊತ್ತು ಎಂದರು. ಸಭೆಯನ್ನು ಡೈರಿಯ ಹೊತ್ತಿಗೇ ಇಟ್ಟುಕೊಂಡಿದ್ದರು. ನಾನು ಅದನ್ನು ಬರೆದುಕೊಂಡೆ, ಬದಲಾಯಿಸಲು ಹೇಳಲಿಲ್ಲ. ಇಂದಿಗೂ ಇದು ನನಗೆ ಚುಚ್ಚುತ್ತದೆ.

ಮೆಟ್ಟಿಲಿನ ಜಾಗ ಸಮಿತಿಯೇ ನಿಗದಿ ಮಾಡಿತು: ಊರ ಮುಂದಿನ ಸೇತುವೆಯ ಪಕ್ಕ. ಅಲ್ಲಿಗೆ ಜಲ್ಲಿ, ಸಿಮೆಂಟಿನ ಗಾಡಿ ನೇರ ಬರುತ್ತದೆ, ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ. ಜಾಗ ನೋಡಿ ಬಂದು ಚೆನ್ನಾಗಿದೆ ಎಂದು ನಾನೇ ಬರೆದೆ. ನಾಲೆಯಲ್ಲಿ ನೀರು ನಿಲ್ಲಿಸಿದ ತಿಂಗಳಲ್ಲಿ ಕೆಲಸ ಮುಗಿಯಿತು. ಏಳು ಮೆಟ್ಟಿಲು, ಒಗೆಯಲು ನಾಲ್ಕು ಕಲ್ಲು ಚಪ್ಪಡಿ, ಒಂದು ಬೋರ್ಡು.

ನೀರು ಬಂತು, ಹೆಂಗಸರು ಬರಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಅಲ್ಲಿ ಯಾರಾದರೂ ಗಂಡಸು ಬೈಕೋ ಟ್ರ್ಯಾಕ್ಟರೋ ತೊಳೆಯುತ್ತಿರುತ್ತಿದ್ದ. ಒಂದು ಸಲ ಒಂದು ಜೊತೆ ಎತ್ತುಗಳು ಚಪ್ಪಡಿಯ ಪಕ್ಕ ಆರಾಮವಾಗಿ ನಿಂತಿದ್ದವು. ಹೆಂಗಸರನ್ನು ಕೇಳಿದರೆ, "ಬತ್ತೀವಿ ಬುಡಿ ಮೇಡಂ" ಎನ್ನುತ್ತಿದ್ದರು. ನಾನು ಮಂಡ್ಯದಿಂದ ಹೊರಟು ಊರು ಮುಟ್ಟುವಷ್ಟರಲ್ಲಿ ಹತ್ತೂವರೆ. ಆ ಹೊತ್ತಿಗೆ ಅವರ ಬಟ್ಟೆ ಬೇರೆಲ್ಲೋ ಅರ್ಧ ಒಣಗಿರುತ್ತಿತ್ತು. ಎಲ್ಲಿ ಎಂದು ಹೋಗಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಹೀಗಿರುವಾಗ ನೆರವು ಕೊಡುವ ಸಂಸ್ಥೆಯಿಂದ ಒಬ್ಬ ಹೆಂಗಸು ಕಾರ್ಯಕ್ರಮ ನೋಡಲು ಬರುತ್ತಾರೆಂದು ತಿಳಿಯಿತು. ಮುಖ್ಯಸ್ಥರು ನನ್ನನ್ನು ಕರೆದು, ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಜನ ಹೆಂಗಸರು ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರೆ ಒಳ್ಳೆಯದು ಎಂದರು. ನಾನು ಹೋಗಿ ದೊಡ್ಡವ್ವನನ್ನು ಕೇಳಿದೆ. ಹನ್ನೊಂದು ಗಂಟೆಗೆ ಯಾರು ಬಟ್ಟೆ ಒಗೆಯುತ್ತಾರೆ ಎಂದು ಒಂದು ಸಲ ಹೇಳಿ, ಆಮೇಲೆ ನನ್ನ ಮುಖ ನೋಡಿ, ಆಯಿತು ಬರುತ್ತೇವೆ ಎಂದರು.

ಬಂದರು. ಐದು ಜನ, ಐದು ಬಕೆಟ್ಟು. ಅವರು ತಂದಿದ್ದು ಬೆಳಿಗ್ಗೆಯೇ ಒಗೆದು ಹಿಂಡಿದ್ದ ಬಟ್ಟೆ. ಅದನ್ನೇ ಮತ್ತೆ ನೀರಿಗೆ ಅದ್ದಿ ಚಪ್ಪಡಿಗೆ ಬಡಿಯತೊಡಗಿದರು. ಸೋಪಿನ ನೊರೆ ಹಾಲಿನಂತೆ ಬೆಳ್ಳಗೆ ಹರಿಯಿತು. ಸೇತುವೆಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಗಂಡಸರು ಸಾಲಾಗಿ ಕೂತು ನೋಡುತ್ತಿದ್ದರು. ಹೆಂಗಸರು ಸೀರೆಯನ್ನು ಪಾದದವರೆಗೂ ಬಿಟ್ಟುಕೊಂಡೇ ಒಗೆಯುತ್ತಿದ್ದುದರಿಂದ ಅರ್ಧ ನೆನೆದುಹೋಗಿದ್ದರು.

ಕಾರ್ಯಕ್ರಮ ನೋಡಲು ಬಂದ ಹೆಂಗಸು ಹತ್ತಿ ಸಲ್ವಾರ್ ಹಾಕಿಕೊಂಡ, ನರೆಗೂದಲಿನ, ಮೆಲುದನಿಯವರು. ಫೋಟೋ ತೆಗೆದ ಮೇಲೆ ದೊಡ್ಡವ್ವನ ಹತ್ತಿರ ಬಂದು ಮೆಟ್ಟಿಲು ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಚೆಂದಾಗವೆ," ಎಂದರು ದೊಡ್ಡವ್ವ, "ಟ್ಯಾಕ್ಟ್ರು ತೊಳ್ಯಕ್ಕೆ ಬೋ ಅನುಕೂಲ ಆಗೈತೆ."

ಮೆಟ್ಟಿಲು ಬಹಳ ಗಟ್ಟಿಯಾಗಿದೆ, ಅನುಕೂಲವಾಗಿದೆ ಎನ್ನುತ್ತಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬರೆದುಕೊಂಡರು. ಮುಖ್ಯಸ್ಥರು ತಲೆಯಾಡಿಸಿದರು. ದೊಡ್ಡವ್ವ ಹಿಂಡುತ್ತಿದ್ದ ಪಂಚೆಯನ್ನು ಬಕೆಟ್ಟಿಗೆ ಹಾಕಿ ನನ್ನನ್ನು ನೋಡಿದರು.

"ಟ್ಯಾಕ್ಟ್ರುಗೆ ಇಂಗ್ಲೀಸ್‌ನಲ್ಲಿ ಏನಂತಾರವ್ವ?"

"ಟ್ರ್ಯಾಕ್ಟರ್ ಅಂತಾನೇ, ದೊಡ್ಡವ್ವ."

"ನೀನು ಅದ ಏಳ್ನೇ ಇಲ್ವಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಂದವರು ಏನೆಂದು ಕೇಳುತ್ತ ನಿಂತಿದ್ದರು. ಟ್ರ್ಯಾಕ್ಟರ್ ಎಂಬುದು ಅವರ ಕಿವಿಗೂ ಬಿದ್ದಿತ್ತು. ನಾನು ಹೇಳಿದೆ. ನಾನು ಮೊದಲು ಹೇಳಿದ್ದು ತಪ್ಪು, ಅವರು ಹೇಳಿದ್ದು ಇದು ಎಂದು ಪೂರ್ತಿ ಹೇಳಿದೆ. ಹಾಗಾದರೆ ನೀವು ನಿಜವಾಗಿ ಒಗೆಯುವುದು ಎಲ್ಲಿ ಎಂದು ಅವರು ಕೇಳಿದರು. ಅದನ್ನು ನಾನು ಕನ್ನಡದಲ್ಲಿ ಕೇಳಿದೆ. ನಾನು ಆ ಊರಿಗೆ ಓಡಾಡಲು ಶುರುಮಾಡಿ ವರ್ಷದ ಮೇಲಾಗಿತ್ತು. ಆ ಪ್ರಶ್ನೆಯನ್ನು ಕನ್ನಡದಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು.

ಏರಿಯ ಮೇಲೆ ಹತ್ತು ನಿಮಿಷ ನಡೆದೆವು. ನಾಲೆ ತಿರುಗುವ ಕಡೆ ಹೊಂಗೆ ಮರಗಳಿದ್ದವು. ದಾರಿಗೆ ಕಾಣದ ಜಾಗ. ಬಟ್ಟೆ ಹರವಲು ಬೇಲಿ, ಕೂರಲು ನೆರಳು. ಕಾಂಕ್ರೀಟು ಒಂದು ಕಡೆ ಒಡೆದಿತ್ತು. ಆ ಸಂದಿಗೆ ಮೂರು ಸೈಜುಗಲ್ಲು ಸಿಗಿಸಿದ್ದರು. ಮರದ ಬುಡಕ್ಕೆ ಕಟ್ಟಿದ್ದ ಹಗ್ಗವೊಂದು ನೀರಿನವರೆಗೂ ಇಳಿದಿತ್ತು. ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ಜಾಲಿಸಬೇಕು. ಬಂದವರು ಹಗ್ಗ ಹಿಡಿದು ತಾವೂ ಇಳಿದು ನೋಡಿದರು. ಎರಡನೆಯ ಹೆಜ್ಜೆಗೆ ಜಾರಿದರು. ದೊಡ್ಡವ್ವ ಅವರ ರಟ್ಟೆ ಹಿಡಿದು ಮೇಲಕ್ಕೆಳೆದು, ಸಲ್ವಾರಿಗೆ ಅಂಟಿದ ಪಾಚಿಯನ್ನು ಕೊಡವಿದರು. ಸೇತುವೆಯ ಹತ್ತಿರ ಗಂಡಸರ ಕಣ್ಣೆದುರು ಸೀರೆ ಎತ್ತಿ ಕಟ್ಟಲು ಆಗುವುದಿಲ್ಲ, ಎತ್ತಿ ಕಟ್ಟದೆ ಒಗೆಯಲು ಆಗುವುದಿಲ್ಲ ಎಂದು ಆಗ ಹೇಳಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಏನು ಬೇಕು ಎಂದು ಕೇಳಿದ್ದಿರಿ, ಎಲ್ಲಿ ಎಂದು ಕೇಳಲಿಲ್ಲವಲ್ಲ ಎಂದರು.

ವಾಪಸು ಬರುವಾಗ ಜೀಪಿನಲ್ಲಿ ಮುಖ್ಯಸ್ಥರು ಮುಂದಿನ ಸೀಟಿನಲ್ಲಿ ಕೂತರು. ಮಂಡ್ಯದಲ್ಲಿ ಇಳಿದ ಮೇಲೆ, ನೀವು ಸ್ವಲ್ಪ ಮೊದಲೇ ಹೇಳಿದ್ದರೆ ಆಗುತ್ತಿತ್ತು ಎಂದರು. ನನಗೇ ಗೊತ್ತಿರಲಿಲ್ಲ ಸರ್ ಎಂದೆ. ಕೆಲಸ ಹೋಯಿತು ಎಂದುಕೊಂಡು ಮನೆಗೆ ಬಂದೆ. ಹೋಗಲಿಲ್ಲ. ತಿಂಗಳಾದ ಮೇಲೆ ನೆರವು ಕೊಡುವ ಸಂಸ್ಥೆಯಿಂದ ಬಂದ ಪತ್ರದಲ್ಲಿ ನಮ್ಮ ತಪ್ಪಿಗೆ 'ಕಲಿಕೆ' ಎಂಬ ಹೆಸರು ಸಿಕ್ಕಿತ್ತು. ತಿರುವಿನ ಹತ್ತಿರ ಎರಡನೆಯ ಸಾಲು ಮೆಟ್ಟಿಲಿಗೆ ಒಪ್ಪಿಗೆಯೂ ಇತ್ತು.

ಈ ಸಲ ಸಭೆ ಬೆಳಿಗ್ಗೆ ಏಳಕ್ಕೆ, ಡೈರಿ ಮುಗಿದ ಮೇಲೆ, ಹೊಂಗೆ ಮರದ ಕೆಳಗೆ ಆಯಿತು. ಬಸ್ಸಿರದ ಹೊತ್ತು, ನಾನು ಹಿಂದಿನ ಸಂಜೆಯೇ ಹೋಗಿ ದೊಡ್ಡವ್ವನ ಮನೆಯಲ್ಲಿ ಉಳಿದಿದ್ದೆ. ನಮ್ಮ ಇಂಜಿನಿಯರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ನಕ್ಷೆಯನ್ನು ಬರೆದುಕೊಂಡೇ ಬಂದಿದ್ದರು. ದೊಡ್ಡವ್ವ ನಕ್ಷೆ ನೋಡಲಿಲ್ಲ. ಇಳಿಜಾರಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಳತೆ ತೆಗೆದುಕೊಳ್ಳಿ ಎಂದರು. ಬಕೆಟ್ಟು ಎಲ್ಲಿರುತ್ತದೆ, ಒಗೆದ ಬಟ್ಟೆ ಎಲ್ಲಿ ಇಡಬೇಕು, ನಿಂತು ಬಡಿಯುವವರಿಗೆ ಕಲ್ಲು ಎಷ್ಟು ಎತ್ತರ, ಕೂತು ಉಜ್ಜುವವರಿಗೆ ಎಷ್ಟು ಎಂದು ಒಬ್ಬೊಬ್ಬರು ಒಂದೊಂದು ತೋರಿಸಿದರು. ನಾಲೆ ತುಂಬಿದಾಗ, ಅರ್ಧ ಇದ್ದಾಗ, ಕಡಿಮೆಯಾದಾಗ ನೀರು ನಿಲ್ಲುವ ಗುರುತುಗಳು ಅವರಿಗೆ ಗೊತ್ತಿದ್ದವು. ಮೆಟ್ಟಿಲಿನ ಅಗಲ ಇಷ್ಟು ಸಾಕು ಎಂದು ಇಂಜಿನಿಯರು ವಾದಿಸಿದಾಗ, ದೊಡ್ಡವ್ವ ಅವರನ್ನೇ ಅಲ್ಲಿ ಕೂರಿಸಿ ಒಂದು ಟವೆಲ್ಲು ಕೈಗೆ ಕೊಟ್ಟರು. ಪ್ಯಾಂಟು ಮಡಿಸಿಕೊಂಡು ಕೂತ ಅವರು ಎರಡು ಸಲ ಉಜ್ಜಿ, ಹಿಂದಕ್ಕೆ ವಾಲಿ, ಎದ್ದು, ನಕ್ಷೆಯಲ್ಲಿ ಅಗಲವನ್ನು ತಿದ್ದಿದರು.

ನಾಲೆ ನಿಂತ ಮೇಲೆ ಕೆಲಸ ಶುರುವಾಯಿತು. ಎರಡನೆಯ ದಿನ ಮೇಸ್ತ್ರಿ ನಕ್ಷೆ ಕೈಯಲ್ಲಿ ಹಿಡಿದು ನನ್ನನ್ನು ಕರೆದರು. ಅವರು ಊರಾಚೆಯ ಕಾಲೋನಿಯವರು, ಪರಿಶಿಷ್ಟರ ಮನೆಗಳಿರುವ ಕಡೆಯವರು.

"ಮೇಡಂ, ನಮ್ ಕಾಲೋನಿ ಹೆಂಗಸ್ರು ಎಲ್ಲಿ ಕೂರ್ಬೇಕು ಅಂತ ಇದ್ರಲ್ಲಿ ಬರ್ದಿದ್ದೀರಾ?"

ಬರೆದಿರಲಿಲ್ಲ. ಕಾಲೋನಿಯ ಹೆಂಗಸರು ಇನ್ನೂ ಕೆಳಗೆ, ಕಲ್ಲೂ ಹಗ್ಗವೂ ಇಲ್ಲದ ಕಡೆ ಒಗೆಯುತ್ತಿದ್ದರು. ಹುಣಸೆ ಬೀಜದ ಸಭೆಗೆ ಅವರು ಬಂದಿರಲಿಲ್ಲ. ನಾನು ಸಭೆ ಕರೆದಿದ್ದು ದೇವಸ್ಥಾನದ ಮುಂದೆ. ದೂರದಲ್ಲಿ ನಿಂತಿದ್ದ ಕಾಲೋನಿಯ ಇಬ್ಬರು ಗಂಡಸರನ್ನು ನೋಡಿ, ಎಲ್ಲ ವರ್ಗದವರೂ ಭಾಗವಹಿಸಿದ್ದರು ಎಂದು ವರದಿಯಲ್ಲಿ ಬರೆದಿದ್ದೆ. ಹೊಂಗೆ ಮರದ ಸಭೆಗೂ ಅವರನ್ನು ಯಾರೂ ಕರೆದಿರಲಿಲ್ಲ, ದೊಡ್ಡವ್ವನೂ. ಅವರು ಮೊದಲಿನಿಂದಲೂ ಕೆಳಗೇ ಒಗೆಯುವುದಲ್ಲವೇ ಎಂದರು ದೊಡ್ಡವ್ವ. ಮೇಸ್ತ್ರಿ ಜಗಳವಾಡಲಿಲ್ಲ. ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಮಾರನೆಯ ದಿನವೂ ಬರಲಿಲ್ಲ. ಸುತ್ತಿನಲ್ಲಿ ಬೇರೆ ಮೇಸ್ತ್ರಿಗಳು ಇರಲಿಲ್ಲವೆಂದಲ್ಲ. ನಾನು ಯಾರನ್ನೂ ಕರೆಯಲಿಲ್ಲ. ಆ ಊರಿನಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಬಹುಶಃ ಅದೊಂದೇ.

ಮೂರನೆಯ ದಿನ ಬೆಳಿಗ್ಗೆ ದೊಡ್ಡವ್ವ ತಾವೇ ಕಾಲೋನಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಯಾಕೆ ಹೋದಿರಿ ಎಂದು ಆಮೇಲೆ ಕೇಳಿದಾಗ, "ಸಿಮೆಂಟು ಗಟ್ಟಿಯಾಗೋಯ್ತದೆ ಅಂತ ಓದೆ ಕಣವ್ವ" ಎಂದಷ್ಟೇ ಹೇಳಿದರು. ಅವರ ಹಿಂದೆ ಮೇಸ್ತ್ರಿಯೂ ಕಾಲೋನಿಯ ಮೂವರು ಹೆಂಗಸರೂ ಬಂದರು. ಮೂವರೂ ಇಳಿಜಾರಿನ ಮೇಲೆ ಕೂತು ತಮ್ಮ ಅಳತೆ ಕೊಟ್ಟರು. ಎಲ್ಲರಿಗೂ ಸಾಲುವಷ್ಟು ಉದ್ದ ಬೇಕಾಯಿತು. ಇದ್ದ ಕಲ್ಲು ಸಾಲಲಿಲ್ಲ. ಸೇತುವೆ ಹತ್ತಿರದ ನಾಲ್ಕು ಚಪ್ಪಡಿಗಳನ್ನು ಕಿತ್ತು ತರುವುದೆಂದು ಹೆಂಗಸರೇ ತೀರ್ಮಾನಿಸಿದರು. ಸಮಿತಿಯ ಗಂಡಸರು ಗೊಣಗಿದರು. ಚಪ್ಪಡಿಗಳನ್ನು ಸಾಗಿಸಿದ್ದು ಟ್ರ್ಯಾಕ್ಟರಿನಲ್ಲಿ.

ನೀರು ಬಂದ ಮೊದಲ ವಾರಗಳಲ್ಲಿ ಊರ ಹೆಂಗಸರು ಒಂಬತ್ತರವರೆಗೆ ಒಗೆದು ಹೋದ ಮೇಲೆ ಕಾಲೋನಿಯವರು ಬರುತ್ತಿದ್ದರು. ಎಲ್ಲರೂ ಹಂಚಿಕೊಂಡು ಬಳಸುತ್ತಿದ್ದಾರೆ ಎಂದು ನಮ್ಮ ಆಫೀಸಿನ ವರದಿಯಲ್ಲಿ ಬಂತು. ಹಂಚಿಕೊಂಡಿದ್ದು ಹೊತ್ತನ್ನು ಎಂದು ನಾನು ಪಕ್ಕದಲ್ಲಿ ಸೇರಿಸಿದೆ. ಅಂತಿಮ ಪ್ರತಿಯಲ್ಲಿ ಅದು ಇರಲಿಲ್ಲ. ಗೌರಿ ಹಬ್ಬದ ವಾರ ಇಡೀ ಊರಿನ ಹಾಸಿಗೆ ಹೊದಿಕೆ ಒಟ್ಟಿಗೆ ನಾಲೆಗೆ ಬಂದವು. ಆಗ ಗಡಿಯಾರ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಹಬ್ಬ ಕಳೆದ ಮೇಲೆ ಕೆಲವರು ಹಳೆಯ ಹೊತ್ತಿಗೆ ಮರಳಿದರು, ಕೆಲವರು ಮರಳಲಿಲ್ಲ. ಪಾಚಿ ಉಜ್ಜುವ ಪಾಳಿಯನ್ನು ಮಾತ್ರ ಬೀದಿಗೆ ಒಂದು ವಾರದಂತೆ ಅವರೇ ಗೊತ್ತು ಮಾಡಿಕೊಂಡರು, ಕಾಲೋನಿಯೂ ಸೇರಿ. ಅದನ್ನು ಯಾರೂ ತಪ್ಪಿಸಿದ್ದು ನಾನು ಕೇಳಿಲ್ಲ.

ಕಾರ್ಯಕ್ರಮದ ಅವಧಿ ಮುಗಿಯುತ್ತ ಬಂದಾಗ ಹಸ್ತಾಂತರ ಸಮಾರಂಭ ಆಗಬೇಕಿತ್ತು. ಮೆಟ್ಟಿಲನ್ನು ನಾವು ಊರಿಗೆ ವಹಿಸಿಕೊಡುವುದು. ತಿರುವಿನ ಹತ್ತಿರ ಶಾಮಿಯಾನ ಹಾಕಲು ಜಾಗವಿಲ್ಲ, ಕಾರು ಹೋಗುವುದಿಲ್ಲ. ಆದ್ದರಿಂದ ಸಮಾರಂಭ ಸೇತುವೆಯ ಪಕ್ಕದ ಮೆಟ್ಟಿಲ ಹತ್ತಿರ ನಡೆಯಿತು. ಹಾರ, ಮೈಸೂರು ಪೇಟ, ಮೈಕು ಎಲ್ಲ ಇದ್ದವು. ಬೆಳಗಿನ ಹೊತ್ತಾದ್ದರಿಂದ ಹೆಂಗಸರು ಬಂದಿರಲಿಲ್ಲ. ಸಮಿತಿಯ ಅಧ್ಯಕ್ಷರು ಚಪ್ಪಡಿ ಕಿತ್ತ ಗುಳಿಗಳನ್ನು ಹೂವಿನ ಕುಂಡಗಳಿಂದ ಮುಚ್ಚಿಸಿದ್ದರು. ಸಮುದಾಯದ ಸಹಭಾಗಿತ್ವದ ಬಗ್ಗೆ ಮೂವರು ಮಾತಾಡಿದರು. ನನ್ನನ್ನೂ ವೇದಿಕೆಗೆ ಕರೆದು ಒಂದು ಹಾರ ಹಾಕಿದರು.

ನಾಲ್ಕನೆಯ ಭಾಷಣ ಶುರುವಾದಾಗ ನಾನು ಹಿಂದಿನಿಂದ ಎದ್ದು ಏರಿಯ ಮೇಲೆ ನಡೆದು ತಿರುವಿಗೆ ಹೋದೆ. ಏಳೆಂಟು ಜನ ಒಗೆಯುತ್ತಿದ್ದರು. ಸೀರೆಗಳನ್ನು ಮೊಣಕಾಲ ಮೇಲೆ ಬಿಗಿಯಾಗಿ ಕಟ್ಟಿದ್ದರು. ದೊಡ್ಡವ್ವ ಬಂದಿರಲಿಲ್ಲ; ಹಸು ಕರು ಹಾಕಿದೆ ಎಂದು ಸೊಸೆ ಹೇಳಿದಳು. ನಾನು ಚಪ್ಪಲಿ ಬಿಟ್ಟು, ಖಾಲಿ ಇದ್ದ ಒಂದು ಚಪ್ಪಡಿಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆ. ನೀರು ತಣ್ಣಗಿತ್ತು. ಅಷ್ಟರಲ್ಲಿ ಕಾಲೋನಿಯ ಕಡೆಯಿಂದ ಒಬ್ಬಳು ಕಂಕುಳಲ್ಲಿ ಬಟ್ಟೆಯ ಗಂಟಿಟ್ಟುಕೊಂಡು ಬಂದಳು. ಅಳತೆ ಕೊಟ್ಟ ಮೂವರಲ್ಲಿ ಒಬ್ಬಳು. ನನ್ನ ಹಿಂದೆ ಬಂದು ನಿಂತಳು.

"ಅದು ನನ್ ಕಲ್ಲು ಮೇಡಮ್ಮೋರೆ, ವಸಿ ಜರುಗಿ."

ನಾನು ಎದ್ದು ಮೇಲಿನ ಮೆಟ್ಟಿಲಿಗೆ ಹೋಗಿ ಕೂತೆ. ಅವಳು ಗಂಟು ಬಿಚ್ಚಿ ಒಗೆಯಲು ಶುರುಮಾಡಿದಳು.